ಹೊರಕ್ಕೆ ಎಂಬ ಉತ್ತರ

ಫೆಬ್ರವರಿ ಹದಿನೆಂಟು, ಬುಧವಾರ. ಸಂಜೆ ಐದೂಕಾಲರ ಹೊತ್ತಿಗೆ ಬಸವೇಶ್ವರನಗರದ ಕಡೆಯ ಒಂದು ಠಾಣೆಗೆ ಕುಸುಮಾ ಎಂಬುವರು ಬಂದು ದೂರು ಕೊಟ್ಟರು. ಮಗ ಬಸವಕಿರಣ್, ಹದಿನೇಳು ವರ್ಷ, ಎರಡನೇ ಪಿಯುಸಿ. ಮಧ್ಯಾಹ್ನ ಮನೆಯಿಂದ ಹೊರಟವನು ಪಾಲಿಕೆಯ ಪಾರ್ಕಿನಲ್ಲಿ ತಲೆ ಒಡೆದು ಬಿದ್ದಿದ್ದ. ಈಗ ಆಸ್ಪತ್ರೆಯ ಐಸಿಯುನಲ್ಲಿದ್ದಾನೆ, ಪ್ರಜ್ಞೆ ಇಲ್ಲ.

ದೂರು ಬರೆದುಕೊಂಡವಳು ಸಬ್ ಇನ್ಸ್‌ಪೆಕ್ಟರ್ ಶರಣ್ಯಾ.

“ಪಾರ್ಕಿಗೆ ಯಾಕೆ ಹೋಗಿದ್ದ?”

“ಗೊತ್ತಿಲ್ಲ ಮೇಡಂ. ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ ಅಂತ ಹೋದ, ಅಷ್ಟೆ.”

“ಜೊತೆಗೆ ಯಾರಿದ್ರು?”

“ಒಬ್ನೇ ಹೋದ.”

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಇನ್ಯಾರ ಮೇಲೆ? ಆ ವಾಚ್‌ಮನ್ ಮುನಿಯಪ್ಪ. ಹೋದ ವಾರ ಇವನು ಫ್ರೆಂಡ್ಸ್ ಜೊತೆ ಅಲ್ಲಿ ಕೂತಿದ್ದಾಗ ದೊಣ್ಣೆ ಎತ್ಕೊಂಡು ಬಂದು ಕೈಕಾಲು ಮುರೀತೀನಿ ಅಂದ. ಇಡೀ ರೋಡೇ ಕೇಳಿಸ್ಕೊಂಡಿದೆ.”

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಮುನಿಯಪ್ಪನ ವಿಷಯದಲ್ಲಿ ಅದು ಠಾಣೆಗೂ ಮೂಲವಾಯಿತು. ಭಾರತೀಯ ನ್ಯಾಯ ಸಂಹಿತೆಯ 117(2)ನೇ ಕಲಂ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ‘ಅಪರಿಚಿತ’ ಎಂದೇ ಬರೆದಿದ್ದರೂ, ಬರೆದವರಿಗೂ ಬರೆಸಿದವರಿಗೂ ಹೆಸರು ಆಗಲೇ ಗೊತ್ತಿತ್ತು.

ಬೆಳಕು ಹೋಗುವ ಮೊದಲು ಶರಣ್ಯಾ ಮತ್ತು ಹೆಡ್ ಕಾನ್‌ಸ್ಟೆಬಲ್ ಭೈರೇಶ್ ಇಬ್ಬರು ಪಂಚರನ್ನು ಕರೆದುಕೊಂಡು ಪಾರ್ಕಿಗೆ ಹೋಗಿ ಪಂಚನಾಮೆ ಮಾಡಿದರು. ಮಕ್ಕಳ ಆಟದ ಜಾಗದಲ್ಲಿ ಮರಳು ಹಾಸಿ ಸುತ್ತ ಕಲ್ಲಿನ ಅಂಚು ಕಟ್ಟಿದ್ದರು. ನಡುವೆ ಕಬ್ಬಿಣದ ತಿರುಗುವ ಚಕ್ರ. ಮಕ್ಕಳು ಅದನ್ನು ಗಿರಗಿಟ್ಲೆ ಎನ್ನುತ್ತಾರೆ. ಪಾದದ ಎತ್ತರದ ತಗಡಿನ ತಟ್ಟೆ, ಅದರ ಮೇಲೆ ಕೂರಲು ನಾಲ್ಕು ಸೀಟು, ಹಿಡಿಯಲು ಕಂಬಿ, ಎಲ್ಲಕ್ಕೂ ಹಸಿರು ಬಣ್ಣ. ಚಕ್ರದ ಹತ್ತಿರದಿಂದ ಕಲ್ಲಿನ ಅಂಚಿನವರೆಗೆ ಮರಳಿನ ಮೇಲೆ ಒಂದು ಉದ್ದನೆಯ ಗೀರು, ಅದು ಮುಗಿಯುವಲ್ಲಿ ಕಲ್ಲಿನ ಮೇಲೆ ರಕ್ತ. ಇನ್ನೊಂದು ಪಕ್ಕದಲ್ಲಿ ಒಂದೇ ಗಾಲಿಯ ಗುರುತು. ಅದು ಕಸದ ಕೈಗಾಡಿಯದು ಎಂದು ಭೈರೇಶ್ ಹೇಳಿದ. ಶರಣ್ಯಾ ಹಾಗೆಯೇ ಬರೆದುಕೊಂಡಳು.

ಭೈರೇಶ್ ಚಕ್ರವನ್ನು ಕೈಯಿಂದ ತಳ್ಳಿ ನೋಡಿದ. ತುಕ್ಕು ಹಿಡಿದ ಅದು ಕಿರ್ರೆಂದು ಅರ್ಧ ಸುತ್ತು ತಿರುಗಿ ನಿಂತಿತು.

“ಇದ್ರಿಂದ ಬಿದ್ದು ತಲೆ ಒಡ್ಕೊಳ್ಳೋಕೆ ಆಗಲ್ಲ ಮೇಡಂ. ನಮ್ಮಜ್ಜಿ ಕೂತ್ರೂ ಬೀಳಲ್ಲ.”

ಪಾರ್ಕು ಹನ್ನೊಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಎದುರು ಮನೆಯ ಸಿಸಿಟಿವಿಯಲ್ಲಿ ದೊಡ್ಡ ಗೇಟಿಗೆ ಬೀಗ ಹಾಕಿದ್ದು ಕಾಣುತ್ತಿತ್ತು. ಪಕ್ಕದ ಓಣಿಗೆ ತೆರೆಯುವ ಚಿಕ್ಕ ಗೇಟಿಗೆ ಬರೀ ಸರಪಳಿ, ಕ್ಯಾಮೆರಾ ಇಲ್ಲ. ಹುಡುಗನ ಮೊಬೈಲಿನ ಕರೆಗಳಲ್ಲಿಯೂ ಏನೂ ಸಿಗಲಿಲ್ಲ. ಉಳಿದವನು ಮುನಿಯಪ್ಪ.

“ಎರಡು ಗಂಟೆಗೆ ಎಲ್ಲಿದ್ದೆ?”

“ಇಲ್ಲೇ ಇದ್ದೆ ಸಾರ್... ಮೇಡಂ. ಸುತ್ತು ಹಾಕ್ತಾ ಇದ್ದೆ.”

“ಹುಡುಗ ಒಳಗೆ ಬಂದಿದ್ದು ನೋಡಿದ್ಯಾ?”

“ಇಲ್ಲ ಮೇಡಂ.”

“ಇಡೀ ಪಾರ್ಕು ಸುತ್ತುತ್ತಾ ಇದ್ದೆ, ಆಳೆತ್ತರದ ಹುಡುಗ ಕಾಣಿಸ್ಲಿಲ್ವಾ? ಅವನು ಕಿರುಚಿದ್ದು ಕೇಳಿಸ್ಲಿಲ್ವಾ?”

“ಬೋರ್ ಮೋಟರ್ ಓಡ್ತಿತ್ತು.”

“ಯಾವಾಗ ನೋಡ್ದೆ ಅವನನ್ನ?”

“ಬಿದ್ದಿದ್ದಾಗ. ಎದುರುಮನೆ ಅಮ್ಮೋರ್ನ ಕೂಗಿದ್ದೇ ನಾನು.”

ಇಷ್ಟು ಹೇಳಿ ಅವನು ನೆಲ ನೋಡಿದ. ನೆಲ ನೋಡುವವನು ಸುಳ್ಳು ಹೇಳುತ್ತಾನೆಂದು ಪೊಲೀಸ್ ತರಬೇತಿಯಲ್ಲಿ ಯಾರೂ ಕಲಿಸುವುದಿಲ್ಲ. ಆದರೂ ಎಲ್ಲ ಪೊಲೀಸರೂ ಅದನ್ನು ನಂಬುತ್ತಾರೆ.

ಗುರುವಾರ ಬೆಳಿಗ್ಗೆ ಶರಣ್ಯಾ ಆಸ್ಪತ್ರೆಗೆ ಹೋದಳು. ತಲೆಗೆ ಬಿದ್ದಿರುವುದು ಭಾರೀ ಪೆಟ್ಟು, ದೊಣ್ಣೆಯಿಂದ ಹೊಡೆದರೂ ಆಗಬಹುದು, ಓಡುವ ಬೈಕಿನಿಂದ ಬಿದ್ದರೂ ಆಗಬಹುದು ಎಂದರು ಡಾಕ್ಟರು. ಐಸಿಯು ಹೊರಗಿನ ಬೆಂಚಿನಲ್ಲಿ ಕುಸುಮಾ ಅವರ ಪಕ್ಕ ಕುಳಿತಿದ್ದವರನ್ನು ನೋಡಿ ಶರಣ್ಯಾಳ ಕೈ ತಾನಾಗಿ ಟೋಪಿಗೆ ಹೋಯಿತು. ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

ಅವರು ವಿಶ್ವಾರಾಧ್ಯ ಮೇಷ್ಟ್ರು. ಅರವತ್ತು ದಾಟಿದ್ದಾರೆ. ಹೊಸಹಳ್ಳಿ ಮೆಟ್ರೋ ನಿಲ್ದಾಣದ ಹಿಂದಿನ ಬೀದಿಯಲ್ಲಿ, ತಮ್ಮ ಮನೆಯ ಮಹಡಿಯಲ್ಲಿ, ಮೂವತ್ತು ವರ್ಷದಿಂದ ಫಿಸಿಕ್ಸ್ ಹೇಳಿಕೊಡುತ್ತಿದ್ದಾರೆ. ಮೊದಲ ಪಿಯುಸಿಯಲ್ಲಿ ಫಿಸಿಕ್ಸಿನಲ್ಲಿ ಡುಮ್ಕಿ ಹೊಡೆದ ಶರಣ್ಯಾಳನ್ನು ದಡ ಹತ್ತಿಸಿದವರು ಅವರೇ. ಬಸವಕಿರಣ್ ಕೂಡ ಅವರ ಶಿಷ್ಯ.

“ಶರಣ್ಯಾ ಅಲ್ವೇನಮ್ಮಾ? ಕೊನೇ ಬೆಂಚು.”

“ಹೌದು ಸಾರ್.”

“ನಿನ್ನೆಯಿಂದ ಇಲ್ಲೇ ಇದಾರೆ ಮೇಡಂ, ದೇವ್ರಂಥೋರು. ಒಂದು ತೊಟ್ಟು ಕಾಫಿ ಸಹ ಕುಡಿದಿಲ್ಲ” ಎಂದರು ಕುಸುಮಾ.

ಮೇಷ್ಟ್ರು ಮುಖ ತಿರುಗಿಸಿದರು. ದೊಡ್ಡವರ ವಿನಯ ಅಂದುಕೊಂಡಳು ಶರಣ್ಯಾ.

ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವುದಕ್ಕೆ ತಿಂಗಳುಗಳೇ ಬೇಕು. ಕೈಗೆ ಸಿಕ್ಕ ಪಂಡಿತರನ್ನು ಬಿಡುವುದುಂಟೇ? ಅವರನ್ನು ಕಿಟಕಿಯ ಬಳಿ ಕರೆದು ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಳು.

“ಸಾರ್, ಇದನ್ನ ನಿಮ್ಮನ್ನೇ ಕೇಳ್ಬೇಕು. ಹುಡುಗ ಈ ಚಕ್ರದಿಂದ ಬಿದ್ದಿರಬಹುದಾ?”

ಮೇಷ್ಟ್ರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ತಿರುಗೋ ಚಕ್ರದಿಂದ ಬಿದ್ರೆ ನಡುವಿನಿಂದ ನೇರ ಹೊರಕ್ಕೆ ಎಸೆಯುತ್ತೆ. ಸೈಕಲ್ ಚಕ್ರದ ಕಡ್ಡಿ ಇರುತ್ತಲ್ಲ, ಆ ದಿಕ್ಕಿಗೆ. ಈ ಗೀರು ಓರೆಯಾಗಿದೆ.”

“ಅಂದ್ರೆ?”

“ಅಂದ್ರೆ... ಚಕ್ರದಿಂದ ಬಿದ್ದಿದ್ದಲ್ಲ. ಯಾರೋ ಎಳ್ಕೊಂಡು ಹೋಗಿರಬೇಕು.”

“ಹೀಗಂತ ಹೇಳಿಕೆ ಬರ್ಕೊಳ್ಲಾ ಸಾರ್?”

“ಬರ್ಕೋ.”

ಬರೆದುಕೊಂಡಳು. ಅವರು ಸಹಿ ಹಾಕಿದರು. ಹುಡುಗಿಯಾಗಿದ್ದಾಗ ಅವರು ಹೇಳಿದ್ದನ್ನು ಬರೆದುಕೊಂಡು ಅಭ್ಯಾಸವಾಗಿತ್ತಲ್ಲ, ಈಗಲೂ ಕೈ ತಡೆಯಲಿಲ್ಲ.

ಆ ಸಂಜೆಯೇ ಮುನಿಯಪ್ಪನ ದಸ್ತಗಿರಿ ಆಯಿತು. ದೊಣ್ಣೆಯನ್ನು ವಶಪಡಿಸಿಕೊಂಡರು. ಶುಕ್ರವಾರ ಮ್ಯಾಜಿಸ್ಟ್ರೇಟರು ಅವನಿಗೆ ನ್ಯಾಯಾಂಗ ಬಂಧನ ವಿಧಿಸಿದರು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಪೊಲೀಸರಿಗೆ ಚಪ್ಪಾಳೆಯ ಚಿತ್ರಗಳ ಸುರಿಮಳೆ. ಪಾರ್ಕಿನ ಗುತ್ತಿಗೆದಾರ ಬೇರೆ ವಾಚ್‌ಮನ್ನನ್ನು ಹುಡುಕತೊಡಗಿದ.

ಶನಿವಾರ ಬೆಳಿಗ್ಗೆ ಮುನಿಯಪ್ಪನ ಹೆಂಡತಿ ಅಕ್ಕಯ್ಯಮ್ಮ ಟಿಫನ್ ಕ್ಯಾರಿಯರ್ ಹಿಡಿದು ಠಾಣೆಗೆ ಬಂದಳು. ಗಂಡ ಇನ್ನೂ ಠಾಣೆಯಲ್ಲೇ ಇದ್ದಾನೆಂದು ಅವಳ ಲೆಕ್ಕ. ಜೈಲಿಗೆ ಕಳಿಸಿದ್ದಾರೆಂದು ಭೈರೇಶ್ ಹೇಳಿದಾಗ ಕ್ಯಾರಿಯರನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಳಿತಳು.

“ಅವ್ನು ಹೊಡ್ದಿಲ್ಲ ಕಣವ್ವಾ. ಮಲಗಿದ್ದ.”

“ಎಲ್ಲಿ?”

“ಮೋಟರ್ ಶೆಡ್ ಹಿಂದೆ. ಬಿಪಿ ಮಾತ್ರೆ ನುಂಗಿದ್ಮೇಲೆ ಕಣ್ಣು ಎಳೀತದೆ. ದಿನಾ ಊಟ ಆದ್ಮೇಲೆ ಮೋಟರ್ ಹಾಕಿ ಮಲಗ್ತಾನೆ. ಮಲಗಿದ್ದೆ ಅಂದ್ರೆ ಕೆಲ್ಸ ತೆಗೀತಾರೆ ಅಂತ ನಿಮ್ಮತ್ರ ಸುಳ್ಳು ಹೇಳವ್ನೆ.”

“ಅದನ್ನ ಮೊದ್ಲೇ ಹೇಳೋದಲ್ವಾ?”

“ನನ್ನ ಯಾರೂ ಕೇಳ್ಳಿಲ್ಲ. ಅವ್ನತ್ರ ಹೊಡ್ದ್ಯಾ ಹೊಡ್ದ್ಯಾ ಅಂತ ಕೇಳಿದ್ರಿ.”

ಶರಣ್ಯಾ ಎದ್ದು ಟೋಪಿ ಹಾಕಿಕೊಂಡಳು. ಜೀಪು ತೆಗೆಯಲು ಹೇಳಿ ಮತ್ತೆ ಪಾರ್ಕಿಗೆ ಹೋದಳು. ಏನು ಹುಡುಕಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಪೊಲೀಸರು ಕಟ್ಟಿದ್ದ ಪಟ್ಟಿಯನ್ನು ಮಕ್ಕಳು ಆಗಲೇ ಕಿತ್ತು ಹಾಕಿದ್ದವು. ಐದಾರು ಮಕ್ಕಳು ಸೇರಿ ಗಿರಗಿಟ್ಲೆಯನ್ನು ತಳ್ಳುತ್ತಿದ್ದವು. ತಟ್ಟೆಯ ಮೇಲಿದ್ದ ಒಂದು ಪ್ಲಾಸ್ಟಿಕ್ ಚೆಂಡು ಅಂಚು ದಾಟಿ ಮರಳಿಗೆ ಬಿತ್ತು. ಅದು ಕಡ್ಡಿಯ ಹಾಗೆ ನೇರ ಹೊರಕ್ಕೆ ಹೋಗಲಿಲ್ಲ. ಅಂಚು ಆ ಗಳಿಗೆಯಲ್ಲಿ ಯಾವ ಕಡೆಗೆ ಓಡುತ್ತಿತ್ತೋ ಆ ಕಡೆಗೇ, ಓರೆಯಾಗಿ, ಉರುಳಿಹೋಯಿತು. ಮಗುವೊಂದು ತಂದು ಮತ್ತೆ ಇಟ್ಟಿತು. ಮತ್ತೆ ಹಾಗೆಯೇ ಬಿತ್ತು.

ಶರಣ್ಯಾ ಮರಳಿನ ಅಂಚಿನಲ್ಲಿ ನಿಂತುಬಿಟ್ಟಳು. ಹೊಸಹಳ್ಳಿಯ ಮಹಡಿ ಕಣ್ಣ ಮುಂದೆ ಬಂತು. ಮೇಷ್ಟ್ರು ದಾರದ ತುದಿಗೆ ಕಲ್ಲು ಕಟ್ಟಿ ತಲೆಯ ಮೇಲೆ ತಿರುಗಿಸುತ್ತಿದ್ದಾರೆ. “ಕಲ್ಲು ಹೊರಕ್ಕೆ ಎಳೆದ ಹಾಗೆ ಕೈಗೆ ಅನ್ಸುತ್ತೆ. ಮೋಸ ಹೋಗ್ಬೇಡಿ. ಕಲ್ಲಿನ ಮೇಲೆ ಇರೋ ಬಲ ಒಳಕ್ಕೆ, ದಾರದ್ದು. ಆ ಒಳಗಿನ ಎಳೆತದಿಂದಲೇ ಅದು ಕ್ಷಣಕ್ಷಣವೂ ದಿಕ್ಕು ಬದಲಿಸ್ತಾ ತಿರುಗ್ತಿರೋದು. ಓಟ ಒಂದೇ ಇದ್ರೂ ದಿಕ್ಕು ಬದಲಾಗ್ತಿದ್ರೆ ಅದು ವೇಗೋತ್ಕರ್ಷವೇ. ದಾರ ಕಿತ್ತುಹೋದ್ರೆ ಕಲ್ಲು ಎಲ್ಲಿಗೆ ಹೋಗುತ್ತೆ?” ಶರಣ್ಯಾ ಎದ್ದು ‘ಹೊರಕ್ಕೆ’ ಎಂದಿದ್ದಳು. ಪೀರಿಯಡ್ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ತಪ್ಪು ಉತ್ತರ ಹೇಳಿದವರನ್ನೆಲ್ಲ ಮೇಷ್ಟ್ರು ಬೆಂಚು ಹತ್ತಿಸುತ್ತಿದ್ದರು, ಒಬ್ಬರನ್ನೂ ಬಿಟ್ಟಿದ್ದಿಲ್ಲ.

ಅದೇ ಉತ್ತರವನ್ನು ಮೊನ್ನೆ ಅವರು ಸಹಿ ಹಾಕಿ ಕೊಟ್ಟಿದ್ದರು.

ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಅವರು ಅದನ್ನು ತಪ್ಪು ಹೇಳುವವರಲ್ಲ. ಹಾಗಿದ್ದರೆ ಗೊತ್ತಿದ್ದೇ ಹೇಳಿದ್ದಾರೆ. ಇಷ್ಟು ಅರ್ಥವಾದಾಗ ಶರಣ್ಯಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ತಾನೇ ಬೆಂಚಿನ ಮೇಲೆ ನಿಂತು ಕಲಿತ ಪಾಠ. ಅದನ್ನು ಮರೆತು, ಹೇಳಿದವರ ಮುಖ ನೋಡಿ ನಂಬಿ, ಒಬ್ಬನನ್ನು ಜೈಲಿಗೆ ಕಳಿಸಿದ್ದಳು.

“ಪೊಲೀಸ್ ಆಂಟಿ, ನೋಡಿ, ಕೈಯೆಲ್ಲ ಕಪ್ಪಾಗೋಯ್ತು!” ಚಕ್ರ ತಳ್ಳುತ್ತಿದ್ದ ಹುಡುಗಿಯೊಬ್ಬಳು ಅಂಗೈ ತೋರಿಸಿದಳು.

ಶರಣ್ಯಾ ಬಗ್ಗಿ ನೋಡಿದಳು. ತಟ್ಟೆಯ ಅಂಚಿನ ಸುತ್ತಲೂ ಹಸಿರು ಬಣ್ಣ ಸವೆದು, ಅಂಗೈ ಅಗಲದ ಕಪ್ಪು ಪಟ್ಟಿ ಮೂಡಿತ್ತು. ಮೂಗಿನ ಹತ್ತಿರ ಬೆರಳು ತಂದಳು. ಸುಟ್ಟ ರಬ್ಬರಿನ ವಾಸನೆ.

“ಭೈರೇಶ್, ಮುನಿಯಪ್ಪನ ಕೈಗಾಡಿ ಎಲ್ಲಿದೆ?”

ಶೆಡ್ಡಿನ ಬಳಿ ಇತ್ತು. ಅದಕ್ಕೆ ಎರಡು ಗಾಲಿ. ಪಂಚನಾಮೆಯ ಫೋಟೋದಲ್ಲಿದ್ದದ್ದು ಒಂದೇ ಗಾಲಿಯ ಗುರುತು. ಭೈರೇಶ್ ಫೋಟೋವನ್ನೂ ಗಾಡಿಯನ್ನೂ ನೋಡಿ ತಲೆ ಕೆರೆದುಕೊಂಡ.

“ಸ್ಕೂಟರ್ ಮುಂದಿನ ಚಕ್ರ ಮೇಡಂ! ಹಿಂದಿನ ಚಕ್ರ ತಟ್ಟೆ ಮೇಲಿಟ್ಟು ಆಕ್ಸಿಲರೇಟರ್ ಕೊಟ್ಟವ್ರೆ. ಹುಡುಗ್ರು ಮೊಬೈಲಲ್ಲಿ ಹಾಕ್ತಾರಲ್ಲ, ಆ ಥರ.”

ಮಧ್ಯಾಹ್ನ ಪಾರ್ಕು ಮುಚ್ಚಿದ ಮೇಲೆ, ಪಂಚರ ಎದುರಿಗೆ, ಭೈರೇಶನ ಸ್ಕೂಟರಿನಿಂದಲೇ ಪರೀಕ್ಷೆ ಮಾಡಿದರು. ಸೀಟಿನ ಮೇಲೆ ಮರಳಿನ ಮೂಟೆ ಇಟ್ಟರು. ಐದಾರು ಮಕ್ಕಳು ಸೇರಿ ತಳ್ಳಿದರೂ ಮೆಲ್ಲಗೆ ತಿರುಗಿದ್ದ ಚಕ್ರ ಆಕ್ಸಿಲರೇಟರಿನ ಒಂದು ತಿರುವಿಗೆ ಬೀಸಿ ತಿರುಗಿತು. ಇನ್ನೊಂದು ತಿರುವಿಗೆ ಮೂಟೆ ಸೀಟು ಬಿಟ್ಟು ಹಾರಿ, ಮರಳನ್ನು ಉಜ್ಜಿಕೊಂಡು ಹೋಗಿ ಕಲ್ಲಿಗೆ ಬಡಿದು ಒಡೆಯಿತು. ಬಿದ್ದ ಗೀರಿನ ಓರೆ, ಫೋಟೋದಲ್ಲಿದ್ದ ಗೀರಿನ ಓರೆ, ಎರಡೂ ಒಂದೇ. ಒಡೆದ ಮೂಟೆಯನ್ನು ನೋಡಿ ಪಂಚರಲ್ಲಿ ಒಬ್ಬರು “ಶಿವ ಶಿವಾ” ಎಂದರು.

ಸಂಜೆ ನಾಲ್ಕೂವರೆಗೆ ಇಬ್ಬರೂ ಹೊಸಹಳ್ಳಿಗೆ ಹೋದರು. ಮೇಷ್ಟ್ರ ಮನೆಯ ಕೆಳಗೆ ಅವರ ಹಳೆಯ ಸ್ಕೂಟರ್ ನಿಂತಿತ್ತು. ಮೈಯೆಲ್ಲ ತೊಳೆದಿತ್ತು. ಭೈರೇಶ್ ಮಂಡಿಯೂರಿ ಹಿಂದಿನ ಟೈರಿನ ಸಂದುಗಳಲ್ಲಿ ಮೊಳೆ ಆಡಿಸಿದ. ಹಸಿರು ಬಣ್ಣದ ಚಕ್ಕೆಗಳು ಕಾಗದದ ಮೇಲೆ ಉದುರಿದವು.

ಮೇಷ್ಟ್ರು ಮಹಡಿಯ ಮೆಟ್ಟಿಲಿನ ಮೇಲೆ ನಿಂತು ನೋಡುತ್ತಿದ್ದರು. ಮೇಲಿಂದ ಹುಡುಗರ ಗದ್ದಲ ಕೇಳುತ್ತಿತ್ತು. ಪರೀಕ್ಷೆ ಹತ್ತಿರ ಬಂದಿತ್ತು.

“ಸಾರ್, ಒಂದು ಪ್ರಶ್ನೆ” ಎಂದಳು ಶರಣ್ಯಾ. “ದಾರ ಕಿತ್ತುಹೋದ್ರೆ ಕಲ್ಲು ಎಲ್ಲಿಗೆ ಹೋಗುತ್ತೆ?”

ಅವರು ಕಂಬಿ ಹಿಡಿದುಕೊಂಡು ಮೆಲ್ಲಗೆ ಕುಳಿತರು.

“ಸ್ಪರ್ಶರೇಖೆಯಲ್ಲಿ” ಎಂದರು. “ಹೊರಕ್ಕಲ್ಲ. ಹೊರಕ್ಕಲ್ಲಮ್ಮಾ.”

ಮೇಲೆ ಹೋಗಿ ಹುಡುಗರನ್ನು ಮನೆಗೆ ಕಳಿಸಿ ಬರುತ್ತೇನೆಂದರು. ಶರಣ್ಯಾ ಬಿಟ್ಟಳು. ಐದು ನಿಮಿಷದಲ್ಲಿ ಬಂದರು. ಐದೂ ಹತ್ತಕ್ಕೆ ದಸ್ತಗಿರಿ ಎಂದು ಭೈರೇಶ್ ಬರೆದುಕೊಂಡ. ಕೈಗೆ ಬೇಡಿ ಹಾಕಲಿಲ್ಲ. ಜೀಪು ಹತ್ತುವಾಗ ಅವರ ಚಪ್ಪಲಿ ಜಾರಿತು. ಶರಣ್ಯಾ ಅದನ್ನು ಎತ್ತಿ ಅವರ ಕಾಲಿಗೆ ಹಾಕಿದಳು.

ಠಾಣೆಯಲ್ಲಿ ಅವರು ಸ್ವಇಚ್ಛಾ ಹೇಳಿಕೆ ಕೊಟ್ಟರು. ಪ್ರಶ್ನೆಗಳು ಹೆಚ್ಚು ಬೇಕಾಗಲಿಲ್ಲ.

“ಯಾಕೆ ಕರ್ಕೊಂಡು ಹೋದ್ರಿ?”

“ಪ್ರತಿ ಬ್ಯಾಚನ್ನೂ ಕರ್ಕೊಂಡು ಹೋಗ್ತೀನಿ. ನಿಮ್ಮ ಬ್ಯಾಚನ್ನೂ ಕರ್ಕೊಂಡು ಹೋಗಿದ್ದೆ, ಆವತ್ತು ನೀನು ಬಂದಿರ್ಲಿಲ್ಲ. ಚಕ್ರದ ಮೇಲೆ ಕೂತು ಕಲಿತ್ರೆ ಮರೆಯಲ್ಲ ಅಂತ. ಆಗೆಲ್ಲ ಕೈಲಿ ತಳ್ತಿದ್ದೆ.”

“ಈ ಸಲ?”

“ಚಕ್ರ ತುಕ್ಕು. ನನ್ನ ಭುಜ ಹೋಗಿದೆ. ಇವನೊಬ್ಬನಿಗೆ ಮಾತ್ರ ಪಾಠ ಹತ್ತಿರಲಿಲ್ಲ. ಮೂರು ಟೆಸ್ಟಲ್ಲೂ ಬಲ ಹೊರಕ್ಕೆ ಅಂತ ಬರೆದಿದ್ದ. ಊಟ ಆದ್ಮೇಲೆ ಒಬ್ನೇ ಬಾ, ಮನೇಲಿ ಹೇಳ್ಬೇಡ, ಬೈತಾರೆ ಅಂದೆ. ಚಿಕ್ಕ ಗೇಟಿಂದ ಹೋದ್ವಿ. ಸ್ಕೂಟರ್ ಹಿಂಭಾಗ ಎತ್ತಿ ತಟ್ಟೆ ಮೇಲಿಟ್ಟವನೂ ಅವನೇ.”

“ಆಮೇಲೆ?”

“ಮೆಲ್ಲಗೆ ತಿರುಗಿಸ್ದೆ. ನಗ್ತಾ ಇದ್ದ. ವೇಗ ಎರಡರಷ್ಟಾದ್ರೆ ಒಳಕ್ಕೆ ಎಳೀಬೇಕಾದ ಬಲ ನಾಲ್ಕರಷ್ಟಾಗುತ್ತೆ, ಅದನ್ನ ಅವನ ಕೈಗೇ ಗೊತ್ತು ಮಾಡಿಸ್ಬೇಕು ಅಂತ ಜೋರು ಮಾಡ್ದೆ. ಕಂಬಿ ಗಟ್ಟಿಯಾಗಿ ಹಿಡ್ಕೊಂಡ. ‘ಈಗ ಹೇಳು, ನಿನ್ನ ಮೇಲೆ ಬಲ ಯಾವ ಕಡೆಗೆ’ ಅಂತ ಕೂಗಿದೆ.”

ಭೈರೇಶ್ ನೀರು ತಂದಿಟ್ಟ. ಮೇಷ್ಟ್ರು ಮುಟ್ಟಲಿಲ್ಲ.

“ಏನಂದ?”

“ಹೊರಕ್ಕೆ ಸಾರ್, ಸಾಕು ಸಾರ್ ಅಂದ. ‘ಸಾಕು’ ಅಂದಿದ್ದು ನನಗೆ ಕೇಳಿಸ್ತು. ಸುಳ್ಳು ಹೇಳಲ್ಲ, ಕೇಳಿಸ್ತು. ಆದ್ರೆ ‘ಹೊರಕ್ಕೆ’ ಅಂದನಲ್ಲ, ಮೈ ಉರೀತು. ಇನ್ನೊಂದು ಸಲ ತಿರುವಿದೆ.”

ಅವರ ಬಲಗೈ ಮೇಜಿನ ಮೇಲೆ ಸಣ್ಣಗೆ ತಿರುಗಿತು. ಅದನ್ನು ಅವರೇ ಎಡಗೈಯಿಂದ ಹಿಡಿದುಕೊಂಡರು.

“ಬಿದ್ದ ತಕ್ಷಣ ಯಾರನ್ನೂ ಕರೀಲಿಲ್ವಾ?”

“ಉಸಿರು ನೋಡ್ದೆ. ಇತ್ತು. ಹೆದರಿಕೆ ಆಯ್ತು. ಸ್ಕೂಟರ್ ಎಳ್ಕೊಂಡು ಓಣಿಗೆ ಬಂದೆ. ವಾಚ್‌ಮನ್ ಕೂಗಿದ್ದು ಕೇಳಿಸೋವರೆಗೂ ಅಲ್ಲೇ ನಿಂತಿದ್ದೆ.”

“ಮುನಿಯಪ್ಪನ ಅರೆಸ್ಟ್ ಆಯ್ತು ಅಂತ ಗೊತ್ತಿತ್ತಾ?”

“ಕುಸುಮಾ ಹೇಳಿದ್ರು. ನನ್ನ ಕೈ ಹಿಡ್ಕೊಂಡು ಹೇಳಿದ್ರು.”

ಮೂವತ್ತು ವರ್ಷ ಒಂದೇ ಒಂದು ತಪ್ಪು ಉತ್ತರವನ್ನು ಸಹಿಸದ ಮನುಷ್ಯ. ಆ ಹಟವೇ ಅವರಿಗೆ ಹೆಸರು ತಂದಿತ್ತು, ಆ ಹಟವೇ ಆಕ್ಸಿಲರೇಟರ್ ತಿರುವಿತ್ತು. ಸೇಡಿಲ್ಲ, ಆಸೆಯಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಬೇರೆಯವರನ್ನು ಹಂಗಿಸಬಹುದು. ಇವರನ್ನು ಹಂಗಿಸಲು ಶರಣ್ಯಾಳಿಗೆ ಮನಸ್ಸು ಬರಲಿಲ್ಲ, ಕ್ಷಮಿಸಲೂ ಬರಲಿಲ್ಲ. ಕಲಂಗಳನ್ನು ಬದಲಾಯಿಸಿದಳು. ದುಡುಕಿನಿಂದ ತೀವ್ರ ಗಾಯಪಡಿಸಿದ್ದಕ್ಕೆ 125(ಬಿ), ಸುಳ್ಳು ಮಾಹಿತಿ ಕೊಟ್ಟು ತನಿಖೆ ತಪ್ಪಿಸಿದ್ದಕ್ಕೆ 238.

“ಇನ್ನೇನಾದ್ರೂ ಹೇಳೋದಿದೆಯಾ ಸಾರ್?”

“ಗುರುವಾರದ ಹೇಳಿಕೆಯಲ್ಲಿ ‘ಹೊರಕ್ಕೆ’ ಅಂತ ಹೇಳಿದೀನಲ್ಲ. ಅದನ್ನ ಹೊಡೆದು ಹಾಕೋಕಾಗುತ್ತಾ? ನನ್ನ ಸಹಿ ಇದೆ ಅದರ ಕೆಳಗೆ.”

“ಆಗಲ್ಲ ಸಾರ್. ಫೈಲ್‌ಗೆ ಹೋಗಿದ್ದನ್ನ ತೆಗೆಯೋಕಾಗಲ್ಲ.”

“ಅವನಿಗೆ ನಿಜವಾಗಿ ಹಾಗೇ ಅನ್ಸಿರುತ್ತಮ್ಮಾ” ಎಂದರು ಮೇಷ್ಟ್ರು. “ತಿರುಗೋ ಚಕ್ರದ ಮೇಲೆ ಕೂತೋನಿಗೆ ಹೊರಕ್ಕೆ ತಳ್ಳಿದ ಹಾಗೇ ಆಗುತ್ತೆ. ಅನ್ಸಿದ್ದನ್ನ ಹೇಳ್ದ. ನಾನು ಗೊತ್ತಿದ್ದೂ ಹೇಳ್ದೆ.”

ಸೋಮವಾರ ನ್ಯಾಯಾಲಯ ಮುನಿಯಪ್ಪನ ಬಿಡುಗಡೆಗೆ ಆದೇಶ ಮಾಡಿತು. ಜೈಲಿನ ಗೇಟಿಗೆ ಶರಣ್ಯಾ ತಾನೇ ಹೋದಳು, ಅಕ್ಕಯ್ಯಮ್ಮನನ್ನೂ ಜೀಪಿನಲ್ಲಿ ಕರೆದುಕೊಂಡು. ಹೊರಗೆ ಬಂದ ಮುನಿಯಪ್ಪ ಹೆಂಡತಿಯನ್ನು ನೋಡುವ ಮೊದಲು ಪೊಲೀಸಿಗೆ ಕೈಮುಗಿದ.

“ತಪ್ಪಾಯ್ತು ಮುನಿಯಪ್ಪನವ್ರೇ” ಎಂದಳು ಶರಣ್ಯಾ.

“ನಂದೂ ತಪ್ಪೈತೆ ಮೇಡಂ. ಮಲಗಿದ್ದೆ. ಮಲಗದೇ ಇದ್ದಿದ್ರೆ ಆ ಮಗೀಗೆ ಹಿಂಗಾಗ್ತಿರ್ಲಿಲ್ಲ.” ಅವನು ಕಣ್ಣೊರೆಸಿಕೊಂಡ. “ಕೆಲ್ಸ ಐತಾ, ಹೋಯ್ತಾ?”

ಗುತ್ತಿಗೆದಾರನ ಜೊತೆ ಮಾತಾಡುತ್ತೇನೆಂದಳು. ಕೆಲಸ ಹೋಗಿದೆ ಎಂದು ಹೇಳುವ ಧೈರ್ಯ ಅವಳಿಗೆ ಆಗಲಿಲ್ಲ.

ಬುಧವಾರ ಬಸವಕಿರಣನನ್ನು ವಾರ್ಡಿಗೆ ತಂದಿದ್ದರು. ತಲೆತುಂಬ ಬ್ಯಾಂಡೇಜು, ಮಾತು ನಿಧಾನ. ಈ ಸಲದ ಪರೀಕ್ಷೆ ಬರೆಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಕುಸುಮಾ ಬಾಗಿಲ ಬಳಿ ನಿಂತಿದ್ದರು. ಮೇಷ್ಟ್ರ ಹೆಸರನ್ನು ಅವರ ಎದುರು ಯಾರೂ ಎತ್ತುತ್ತಿರಲಿಲ್ಲ. ಶರಣ್ಯಾ ಸ್ಟೂಲು ಎಳೆದುಕೊಂಡು ಹುಡುಗನ ಹೇಳಿಕೆ ಬರೆದುಕೊಂಡಳು. ಎಲ್ಲ ಮೇಷ್ಟ್ರು ಹೇಳಿದಂತೆಯೇ ಇತ್ತು.

ಎದ್ದು ಹೊರಟಾಗ ಹುಡುಗ ಕರೆದ.

“ಮೇಡಂ, ಸಾರ್‌ನ ಬಿಟ್ಬಿಡಿ. ತಪ್ಪು ನಂದೇ. ನಾನು ಆನ್ಸರ್ ತಪ್ಪು ಹೇಳ್ದೆ.”

ಶರಣ್ಯಾ ಪೆನ್ನು ಬಿಚ್ಚಿದಳು. ಹಾಳೆಯಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿತ್ತು. ಆದರೆ ಪೆನ್ನು ಮುಚ್ಚಿ ಜೇಬಿಗೆ ಇಟ್ಟುಕೊಂಡಳು. ಹುಡುಗನ ಆ ಒಂದು ಮಾತನ್ನು ಅವಳು ಬರೆದುಕೊಳ್ಳಲಿಲ್ಲ.